ಹುಣಸೆಹಣ್ಣು ಹಚ್ಚಿ ತಿಕ್ಕಿದ ಚೀನಾ ಬಿಲ್ಲೆ

ಅವರ ಬಲಗೈ ಕಿರುಬೆರಳಿನ ಅಂಚು ಸದಾ ಕಪ್ಪಗೆ ಮಿರುಗುತ್ತಿತ್ತು. ದಿನವಿಡೀ ಪೆನ್ಸಿಲ್ ಗೆರೆಗಳ ಮೇಲೆ ಕೈ ಊರಿ ನಕ್ಷೆ ಬರೆದದ್ದರ ಗುರುತು ಅದು. ಊಟದ ಹೊತ್ತಿಗೆ ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಅರ್ಧ ಬ್ಲೇಡು. ಟ್ರೇಸಿಂಗ್ ಕಾಗದದ ಮೇಲೆ ಗೆರೆ ತಪ್ಪಿದರೆ ಅದನ್ನು ಎಷ್ಟು ನಯವಾಗಿ ಹೆರೆಯುತ್ತಿದ್ದರೆಂದರೆ, ಅಲ್ಲೊಂದು ತಪ್ಪಾಗಿತ್ತೆಂದು ದೇವರಿಗೂ ತಿಳಿಯುತ್ತಿರಲಿಲ್ಲ.

ಶಹಾಪುರದ ಕಾಲುವೆ ಆಫೀಸಿಗೆ ನಾನು ಟ್ರೇಸರ್ ಆಗಿ ಸೇರಿದಾಗ ಎಲ್ಲರೂ ಸಾಹೇಬರೆನ್ನುತ್ತಿದ್ದ ಅವರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್. ಮೊದಲ ದಿನ ನಾನು ಗಡಬಡಿಸಿ ಪೆನ್ನು ತೆಗೆದರೆ, "ಕುಂಡ್ರು ತಂಗಿ. ಗೆರಿ ಹೊಡಿಯೂದು ಆಮ್ಯಾಲ. ಮದ್ಲ ನೋಡೂದು ಕಲಿ," ಎಂದು ಚೌಕ ತೂತಿನ ಎರಡು ಹಿತ್ತಾಳೆ ಬಿಲ್ಲೆಗಳನ್ನು ಮುಂದಿಟ್ಟರು. ಚೀನಾದ ಹಳೆಯ ಎರಕದ ನಾಣ್ಯಗಳು; ಅವನ್ನು ಕೂಡಿಡುವುದು ಅವರ ಹುಚ್ಚು. ನನ್ನ ಕಣ್ಣಿಗೆ ಎರಡೂ ಒಂದೇ. ಅರ್ಧ ಗಂಟೆ ದಿಟ್ಟಿಸಿದ ಮೇಲೆ ಕಂಡಿತು: ಬಲಗಡೆಯ ಅಕ್ಷರಕ್ಕೆ ಒಂದರಲ್ಲಿ ಒಂದೇ ಚುಕ್ಕಿ, ಇನ್ನೊಂದರಲ್ಲಿ ಎರಡು. ಹೇಳಿದೆ. ನೌಕರಿ ಅವರೇ ಕೊಡಿಸಿದವರಂತೆ ಹಿಗ್ಗಿದರು.

ತಮಾಷೆಯೆಂದರೆ ಅವರಿಗೆ ಚೀನಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುವುದು, ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡ ಹರಕು ಪುಸ್ತಕದ ಚಿತ್ರಗಳೊಂದಿಗೆ ಗೆರೆಗೆ ಗೆರೆ ಹೋಲಿಸುವುದು, ಯಾವ ರಾಜನ ಕಾಲದ್ದು, ಯಾವ ಬಗೆಯದ್ದು ಎಂದು ವಹಿಯಲ್ಲಿ ಬರೆಯುವುದು, ಇಷ್ಟೇ ಅವರ ವಿದ್ಯೆ. "ಓದಾಕ ಬಂದವ ಅಕ್ಷರ ನೋಡಂಗಿಲ್ಲ ತಂಗಿ, ಅರ್ಥ ನೋಡ್ತಾನ. ನನಗ ಓದಾಕ ಬರಂಗಿಲ್ಲ, ಅದಕ್ಕ ಪೂರಾ ಕಾಣ್ತದ," ಎನ್ನುತ್ತಿದ್ದರು. ಜಂಬ ಇತ್ತು, ಇಲ್ಲವೆನ್ನಲಾರೆ. ಆ ಜಂಬವೇ ಅವರನ್ನು ಒಮ್ಮೆ ಕೆಡವಿತು.

ಉಪಕಾಲುವೆಯ ಅಳತೆಗೆಂದು ಕಕ್ಕೇರಾಕ್ಕೆ ಹೋಗಿದ್ದೆವು. ಚಹಾದಂಗಡಿಯ ಮುಂದೆ ಭಜಿ ಮಾರುತ್ತಿದ್ದ ಅಜ್ಜಿಯ ಮೊಮ್ಮಗು ತೆವಳುತ್ತ ಬಂತು. ಅದರ ಉಡದಾರದಲ್ಲಿ ಒಂದು ಚೌಕ ತೂತಿನ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. "ನಮ್ಮಪ್ಪ ಪಲ್ಟನ್ನಿನ ಕುದುರಿ ನೋಡ್ಕೊಳ್ಳಾಕ ಚೀನಾಕ್ಕ ಹೋಗಿದ್ದನ್ರಿ. ಅಲ್ಲಿಂದ ತಂದಾನ," ಎಂದಳು ಅಜ್ಜಿ. ಕಟ್ಟೆಯ ಮೇಲಿದ್ದವರು ಕಿಸಕ್ಕನೆ ನಕ್ಕರು. ಆಕೆಯ ಅಪ್ಪನನ್ನು ಊರು ಸಾಯುವತನಕ ಬಡಾಯಿ ಮುದುಕ ಎಂದೇ ಕರೆದಿತ್ತಂತೆ.

ಸಾಹೇಬರು ಅಚ್ಚು ತೆಗೆದರು. ಕೆಳಗಿನ ಅಕ್ಷರದ ಎಡಕ್ಕೆ ಇರಬೇಕಾದ ನೆಟ್ಟನೆಯ ಗೆರೆ ಇರಲಿಲ್ಲ. ಬಿಲ್ಲೆ ನೋಡಿದರೆ ನಿನ್ನೆ ಮಾಡಿದಂತಿತ್ತು. "ನಕಲಿ ಅದಬೇ. ಅಚ್ಚು ಮಾಡಿದಾವ ಒಂದು ಗೆರಿ ಮರ್ತಾನ," ಎಂದುಬಿಟ್ಟರು. ಕಟ್ಟೆಯವರು ಬಿದ್ದು ಬಿದ್ದು ನಕ್ಕರು. ಅಜ್ಜಿ ಮಗುವಿನ ಉಡದಾರದಿಂದ ಬಿಲ್ಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಮುಖ ಸಣ್ಣದು ಮಾಡಿಕೊಂಡು ಬಂದರು. "ನಿನ್ನಿ ನಮ್ಮನ್ಯಾಕಿ ತಾಮ್ರದ ಚರಗಿ ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತಿದ್ಲು ತಂಗಿ. ಹೊಸಾದ್ರಂಗ ಹೊಳಿತು. ಆ ಮುದುಕಿಗಿ ನಾ ಒಂದು ಮಾತು ಕೇಳ್ಲಿಲ್ಲ ನೋಡು," ಎಂದರು. ರಾತ್ರಿಯೇ ಪುಸ್ತಕದ ಕೊನೆಯ ಪುಟಗಳನ್ನು ತಿರುವಿದ್ದರು. ಅರ್ಹಂತರೆಂಬ ಬೌದ್ಧ ಸಂತರ ಬಂಗಾರದ ಮೂರ್ತಿಗಳನ್ನು ಕರಗಿಸಿ ಎರೆದದ್ದೆಂದು ಚೀನಾದ ಜನ ಹೇಳಿಕೊಳ್ಳುವ ಬಗೆಯೊಂದು ಅಲ್ಲಿತ್ತು. ಆ ಬಗೆಯಲ್ಲಿ ಆ ಗೆರೆ ಇರುವುದೇ ಇಲ್ಲ. ಅದೇ ಅದರ ಗುರುತು.

ನಾನು ಕಾಗದ ಬರೆದರಾಯಿತು ಎಂದೆ. "ಕಟ್ಟಿ ಮ್ಯಾಲಿನವ್ರ ಮುಂದ ಅಂದೀನಿ, ಅವ್ರ ಮುಂದೇ ತಿರುಗಿಸ್ಬೇಕು," ಎಂದರು. ಆಫೀಸಿನ ಜೀಪು ಬೇಡವೆಂದು ರಜೆ ಹಾಕಿ ಬಸ್ಸಿನಲ್ಲಿ ಹೊರಟರು. ನಾನೂ ಹೋದೆ.

ಕಕ್ಕೇರಾದ ಅದೇ ಚಹಾದಂಗಡಿಯ ಮುಂದೆ ಸಾಹೇಬರು ಅಜ್ಜಿಯಿಂದ ಬಿಲ್ಲೆ ಇಸಿದುಕೊಂಡು ಇನ್ನೊಮ್ಮೆ ನೋಡಿದರು. ಎರಕ ಹೊಯ್ದ ಮೇಲೆ ಅಂಚು ಉಜ್ಜಿದ ಅರದ ಗೆರೆಗಳನ್ನು ಉಗುರಿನಿಂದ ಮುಟ್ಟಿ ನೋಡಿದರು. "ಇದನ್ನ ತಿಕ್ತೀಯೇನಬೇ?"

"ಅಮಾಸಿಗೊಮ್ಮಿ ಹುಣಸಿಹಣ್ಣು ಹಚ್ಚಿ ತಿಕ್ತಿದ್ದೆ. ಈಗ ಬಿಟ್ಟೀನ್ರಿ."

ಸಾಹೇಬರು ಎದ್ದು ನಿಂತು ಕಟ್ಟೆಯ ಕಡೆ ತಿರುಗಿದರು. "ಅವತ್ತು ನಾ ಅಂದದ್ದು ತಪ್ಪು. ಬಿಲ್ಲಿ ಅಸಲಿ ಅದ, ಚೀನಾದ್ದೇ ಅದ. ತಿಳೀಲಾರದವ ನಾನು."

ಯಾರೂ ನಗಲಿಲ್ಲ. ಅಜ್ಜಿ ಮೆಲ್ಲಗೆ ಕೇಳಿದಳು, "ಹಂಗಾರ ನಮ್ಮಪ್ಪ ಸುಳ್ಳ ಹೇಳಿಲ್ಲೇನ್ರಿ?"

ಹೇಳಿಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹಾಗೆ ಅನ್ನುವ ಮನುಷ್ಯರಲ್ಲ. "ಯಾರ ಕೈಲೆ ಬಂತು ಅನ್ನೂದು ಬಿಲ್ಲಿ ಮ್ಯಾಲ ಇರಂಗಿಲ್ಲಬೇ. ಅದನ್ನ ನಾ ಹೇಳಾಕ ಬರಂಗಿಲ್ಲ."

"ಅದನ್ನ ನಾ ಹೇಳ್ತೀನಿ ಬಿಡ್ರಿ," ಎಂದಳು ಅಜ್ಜಿ ಕಟ್ಟೆಯವರಿಗೆ ಕೇಳುವಂತೆ. "ನಮ್ಮಪ್ಪ ತಂದಾನ." ಅಲ್ಲೇ ಕೂತು ಮಗುವಿನ ಉಡದಾರಕ್ಕೆ ಮತ್ತೆ ಕಟ್ಟಿದಳು. ನಮಗೆ ಭಜಿ ತಿನ್ನಿಸದೆ ಬಿಡಲಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಸಾಹೇಬರು ತೀರಿಹೋದರು. ಮಾತಾಡಿಸಲು ಹೋದ ನನ್ನ ಕೈಗೆ ಅವರ ಮನೆಯವರು ಆ ನಾಣ್ಯಗಳ ವಹಿಯನ್ನು ಕೊಟ್ಟರು, "ನಿನಗ ಕೊಡು ಅಂದಿದ್ರು ತಂಗಿ," ಎಂದು. ಅಲ್ಲೇ ಕೂತು ಕಕ್ಕೇರಾದ ಪುಟ ಹುಡುಕಿದೆ. ಅಚ್ಚಿನ ಕೆಳಗೆ 'ನಕಲಿ' ಎಂದು ಬರೆದದ್ದರ ಮೇಲೆ ಒಂದೇ ಒಂದು ಅಡ್ಡಗೆರೆ ಎಳೆದಿದ್ದರು. ಗೆರೆಯಡಿಯ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು. ಪಕ್ಕದಲ್ಲಿ 'ಅಸಲಿ. ನೋಡಿದವನ ತಪ್ಪು' ಎಂದು ಬರೆದು ಸಹಿ ಮಾಡಿದ್ದರು. ಎಂಥ ತಪ್ಪನ್ನೂ ಗುರುತು ಉಳಿಯದಂತೆ ಹೆರೆಯಬಲ್ಲ ಕೈ ಅದು. ಆ ಪುಟಕ್ಕೆ ಬ್ಲೇಡು ತಾಗಿಸಿರಲಿಲ್ಲ. ನಾನು ಅಲ್ಲಿಯವರೆಗೆ ಅಳು ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ.