ಕೆಳಗಿನಿಂದ ಬಂದ ನೀರು

ಬಂಗಾಳ ಕೊಲ್ಲಿಯಲ್ಲಿ ಮೋಡ ಸುತ್ತತೊಡಗಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಚಹಾ ಮುಂದಿಟ್ಟುಕೊಂಡು ಮರೆಯುತ್ತೇನೆ, ಮಾತಾಡಿಸಿದವರ ಮೇಲೆ ಸಿಡುಕುತ್ತೇನೆ. ಚಂಡಮಾರುತ ದಂಡೆ ದಾಟಿದ ಕೂಡಲೇ ಟೀವಿಯವರು ಗಂಟುಮೂಟೆ ಕಟ್ಟುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಗ. ಒಳನಾಡಿಗೆ ಬಂದ ಮೇಲೆ ಅದು ಎಷ್ಟು ದೂರ ಜೀವ ಹಿಡಿದುಕೊಂಡಿರುತ್ತದೆ ಎಂಬುದನ್ನು ನಾನು ಅಭ್ಯಾಸ ಮಾಡುತ್ತೇನೆ.

ಶಹಾಪುರದಲ್ಲಿ ಬೆಳೆದವಳು ಸಮುದ್ರದ ಗಾಳಿಯನ್ನು ಓದಲು ಹೋದಳೆಂಬುದು ನಮ್ಮವರಿಗೆ ಇವತ್ತಿಗೂ ತಮಾಷೆ. ಆದರೆ ನನ್ನ ಪ್ರಶ್ನೆ ಹುಟ್ಟಿದ್ದು ಊರಲ್ಲೇ. ನಾನು ಸಣ್ಣವಳಿದ್ದಾಗ ನಮ್ಮ ಕಡೆಯದು ಜೋಳದ ನೆಲ, ಹಿಂಗಾರಿ ಮುಗಿಯುವ ಹೊತ್ತಿಗೆ ಕಾಲು ಹೋಗುವಷ್ಟು ಬಿರುಕು. ಆಮೇಲೆ ಕಾಲುವೆ ಬಂತು, ನೋಡನೋಡುತ್ತ ಭತ್ತದ ಗದ್ದೆಯಾಯಿತು. ಆಂಧ್ರದ ದಂಡೆ ಹತ್ತಿ ದಣಿದು ಬರುವ ಮಾರುತಕ್ಕೆ ಮೊದಲು ಇಲ್ಲಿ ಒಣ ನೆಲ ಸಿಗುತ್ತಿತ್ತು. ಈಗ ಯಾದಗಿರಿ ಸೀಮೆಯಿಂದ ಸುರಪುರದ ತನಕ ಅಲ್ಲಲ್ಲಿ ನೀರು ನಿಂತ ನೆಲ ಸಿಗುತ್ತದೆ. ಸಾಯಬೇಕಾದದ್ದು ನಮ್ಮ ಗದ್ದೆಗಳ ಆವಿ ಕುಡಿದು ಇನ್ನಷ್ಟು ಹೊತ್ತು ಬದುಕುತ್ತದೆಯೇ? ನನಗೆ ನಿದ್ದೆ ಕೆಡಿಸಿದ ಪ್ರಶ್ನೆ ಇದು.

ಅದಕ್ಕೆಂದೇ ದೋರನಹಳ್ಳಿಯ ಆಚೆ ಅಕ್ಕನ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಉಪಕರಣವನ್ನು ಹುಗಿದು, ಪಕ್ಕದಲ್ಲಿ ಮಳೆಮಾಪಕ ನಿಲ್ಲಿಸಿದ್ದೆ. ಅಕ್ಕನ ಗಂಡ, ನಮ್ಮ ಮಾವ, ಅದರ ಸುತ್ತ ಜಾಲಿಮುಳ್ಳು ಬಡಿದು, ಹೋಗಿಬರುವವರಿಗೆಲ್ಲ "ನಮ್ಮ ಹುಡುಗಿ ಮಷೀನು, ಮುಟ್ಟಬ್ಯಾಡ್ರಿ" ಎಂದು ಹೇಳುವ ಕೆಲಸವನ್ನು ತಾನಾಗಿ ವಹಿಸಿಕೊಂಡಿದ್ದ.

ಆ ಹೊಲ ಉಪಕಾಲುವೆಯ ಕಟ್ಟಕಡೆಯದು. ಮೇಲಿನ ಊರವರೆಲ್ಲ ತಮ್ಮ ತೂಬು ತೆರೆದು, ಗದ್ದೆ ತುಂಬಿಸಿಕೊಂಡು, ಸಾಕೆನಿಸಿ ಮುಚ್ಚಿದ ಮೇಲೆ ಉಳಿದರೆ ಇವರಿಗೆ ನೀರು. ಮಾವನ ಅರ್ಧ ಆಯುಷ್ಯ ಕಾಲುವೆ ದಂಡೆಯ ಮೇಲೆ ಬೈಕು ಓಡಿಸುತ್ತ, ಬೀಗರು ನೆಂಟರೆನ್ನದೆ ಎಲ್ಲರಿಗೂ ಕೈಮುಗಿಯುತ್ತ ಕಳೆದಿತ್ತು. ಇದು ನೋಡಿ ನೋಡಿ ಅಕ್ಕನಿಗೆ ಸಾಕಾಗಿತ್ತು. ಆ ವರ್ಷ ಮಾವನ ಮಾತು ಮೀರಿ, ಕಡಿಮೆ ನೀರಲ್ಲಿ ಬರುತ್ತದೆಂದು ಮೆಣಸಿನಕಾಯಿ ಹಾಕಿದಳು. ಅದು ಕೈ ಹಿಡಿದರೆ ಹೊಲದಲ್ಲೇ ಬೋರು ಹಾಕಿಸುವುದು, ಇನ್ನು ಯಾರ ಮುಖವನ್ನೂ ನೋಡುವುದು ಬೇಡ ಎಂದು ಅವಳ ಲೆಕ್ಕ.

ಬೆಳೆ ಚೆನ್ನಾಗಿಯೇ ಬಂತು. ಡಿಸೆಂಬರಿನಲ್ಲಿ ಉಪಕರಣದ ಬ್ಯಾಟರಿ ಬದಲಿಸಲು ನಾನು ಯಾದಗಿರಿಗೆ ರೈಲಿಳಿದು ಹೋದಾಗ ಮೊದಲ ಸಲದ ಕಾಯಿ ಬಿಡಿಸುವುದು ಮುಗಿದು, ಕಣದ ತುಂಬ ಕೆಂಪಗೆ ಹರವಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯಿ ತಿರುವಿ ಹಾಕುತ್ತಿದ್ದಳು. ಅವಳು ಅಷ್ಟು ಹಗುರಾಗಿದ್ದದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು, ನನಗೆ ಖುಷಿಯಾಯಿತು.

ಆದರೆ ಕೊಲ್ಲಿಯಲ್ಲಿ ಆಗಲೇ ಒಂದು ಮಾರುತ ಸುತ್ತತೊಡಗಿತ್ತು. ನಾನು ಉಣ್ಣುವಾಗಲೂ ಮೊಬೈಲು ಬಿಡದ್ದನ್ನು ಅಕ್ಕ ನೋಡಿದಳು.

"ಏನದ, ಹೇಳಿಬಿಡು. ನಿನ್ನ ಮಾರಿ ನೋಡಿದ್ರ ನನಗ ಉಣ್ಣಾಕ ಆಗವಲ್ದು."

ದಂಡೆ ದಾಟಿ ನೇರ ಈ ಕಡೆ ಬಂದರೆ ನಾಡಿದ್ದು ಇಲ್ಲಿ ಜೋರು ಮಳೆಯಾಗಬಹುದು, ಉತ್ತರಕ್ಕೆ ಹೊರಳಿದರೆ ಹನಿಯೂ ಬೀಳಲಿಕ್ಕಿಲ್ಲ, ಕಾಯಿ ಒಟ್ಟಿ ಮುಚ್ಚುವುದು ಒಳ್ಳೆಯದು ಎಂದೆ. ಹಸಿಯಾದರೆ ಕಾಯಿ ಬೆಳ್ಳಗಾಗುತ್ತದೆ, ವ್ಯಾಪಾರಿ ಮೂಸಿಯೂ ನೋಡುವುದಿಲ್ಲ. ಅಕ್ಕ ಕೈ ತೊಳೆದು ಎದ್ದಳು. ಕತ್ತಲಾಗುವುದರೊಳಗೆ ನಾವೆಲ್ಲ ಸೇರಿ ಕಾಯಿ ಒಟ್ಟಿದೆವು. ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ತಾಡಪತ್ರಿ. ಅದನ್ನು ಮೇಲೆ ಹೊದಿಸಿ, ಸುತ್ತ ಕಲ್ಲು ಹೇರಿದೆವು.

ಅಷ್ಟು ಹೊತ್ತಿಗೆ ಮಾವನ ಫೋನು ಬಿಸಿಯಾಗಿತ್ತು. ಮೇಲಿನ ಊರುಗಳಲ್ಲಿ ಬೀಗರ ಭತ್ತ ಕೊಯ್ದು ಬಿದ್ದಿತ್ತು, ತಡವಾಗಿ ನೆಟ್ಟವರ ಗದ್ದೆಗೆ ಇನ್ನೂ ನೀರು ಹೋಗುತ್ತಿತ್ತು. ತಾನೊಬ್ಬನೇ ಹುಷಾರಾಗುವುದು ಮಾವನ ಜಾಯಮಾನವಲ್ಲ. "ನಾಡಿದ್ದು ಭಾರಿ ಮಳಿ ಬರ್ತದಂತ್ರಿ. ನಮ್ಮ ಹುಡುಗಿ ಹೇಳ್ಯಾಳ. ಟೀವಿಯವ್ರು ಹೇಳಿದ್ದಲ್ಲ, ಖರೇದು ಅದ." ನನ್ನ 'ಆಗಬಹುದು' ಅಷ್ಟರಲ್ಲಿ ಎಲ್ಲಿ ಹೋಯಿತೋ. ನಾನು ಕೈಸನ್ನೆ ಮಾಡಿದೆ, ಅವನು ಹೆಮ್ಮೆಯಿಂದ ನನಗೇ ಕೈಸನ್ನೆ ಮಾಡಿ ಸುಮ್ಮನಿರಿಸಿದ. ಆ ಸುದ್ದಿ ಕಾಲುವೆಗುಂಟ ಸುರಪುರದ ಕಡೆಯ ಊರುಗಳಿಗೂ ಹೋಯಿತೆಂದು ಆಮೇಲೆ ಗೊತ್ತಾಯಿತು.

ಮರುದಿನವಿಡೀ ನಾನು ಮನೆಗೂ ಹೊಲಕ್ಕೂ ಅಲೆದೆ. ಮಾರುತ ದಂಡೆಯ ಹತ್ತಿರ ಬಂದು ತಡವರಿಸುತ್ತಿತ್ತು. ಅದು ಈ ಕಡೆ ಬಂದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು, ಅಕ್ಕನ ಕಣಕ್ಕೆ ಕೇಡು. ಬರಲಿ ಎನ್ನಬೇಕೋ ಬೇಡ ಎನ್ನಬೇಕೋ ತಿಳಿಯದೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ನಾನು ಹೇಳಿದ್ದ ಆ ನಾಡಿದ್ದೂ ಬೆಳಗಾಯಿತು. ಆಕಾಶ ತೊಳೆದಿಟ್ಟಂತಿತ್ತು. ಮಾರುತ ಉತ್ತರಕ್ಕೆ ಹೊರಳಿತ್ತು. ಹಗುರಾಗಿ ಹಲ್ಲುಜ್ಜುತ್ತಿದ್ದೆ, ಹೊಲದಿಂದ ಅಕ್ಕ ಕೂಗಿದಳು.

ಹೋಗಿ ನೋಡಿದರೆ ಕಣದಲ್ಲಿ ಮೀನಖಂಡದವರೆಗೆ ನೀರು. ಮಳೆ ಬರುತ್ತದೆಂದು ಮೇಲಿನವರೆಲ್ಲ ಒಬ್ಬರೂ ಬಿಡದಂತೆ ತೂಬು ಮುಚ್ಚಿದ್ದರು. ಕಾಲುವೆಗೆ ನೀರು ಬಿಡುವ ಹೆಡ್ಡಿನಲ್ಲಿ ಅದನ್ನು ಕಡಿಮೆ ಮಾಡಿದವರಿಲ್ಲ. ಯಾರಿಗೂ ಬೇಡವಾದ ಅಷ್ಟೂ ನೀರು ಕೊನೆಗೆ ಬಂದು, ದಂಡೆ ಕೊರೆದು, ನಮ್ಮ ಕಣಕ್ಕೆ ನುಗ್ಗಿತ್ತು. ತಾಡಪತ್ರಿಯ ಮೇಲ್ಭಾಗ ಬಿಸಿಲಿಗೆ ಒಣಗಿ ಹೊಳೆಯುತ್ತಿತ್ತು. ಅದರ ಕೆಳಗಿನಿಂದ ಕಾಯಿಗಳು ಒಂದೊಂದಾಗಿ ತೇಲಿ ಹೊರಗೆ ಬರುತ್ತಿದ್ದವು.

ಮಾವ ದಂಡೆಯ ಮೇಲೆ ನಿಂತು ಅದೇ ಬೀಗರಿಗೆ ಫೋನು ಹಚ್ಚಿದ. "ತೂಬು ತಗೀರಿ, ನಾವು ಮುಳುಗಾಕತ್ತೇವಿ." ಆ ಕಡೆಯ ಧ್ವನಿ ನನಗೂ ಕೇಳಿಸಿತು. "ಮಳಿ ಬರ್ತದಂತ ನೀವ ಹೇಳೀರಿ. ಭತ್ತ ಕೊಯ್ದು ಬಿದ್ದದ, ಹ್ಯಾಂಗ ತಗೀಬೇಕ್ರಿ?" ಅದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಮಾವ ಫೋನು ಜೇಬಿಗಿಟ್ಟು ಸಲಿಕೆ ಹಿಡಿದು ನೀರಿಗಿಳಿದ.

ಅಕ್ಕ ಅಳಲಿಲ್ಲ. ಬುಟ್ಟಿಯಲ್ಲಿ ಕಾಯಿ ಬಾಚುತ್ತ, "ಇಷ್ಟು ವರ್ಷ ಕೈಮುಗುದು ಕರದ್ರ ಬರಲಿಲ್ಲ ನೋಡು," ಎಂದಳು. ನನಗೇ ಅಳು ಬಂತು. ಮೇಲಿನ ಕಾಯಿ ಒಂದಿಷ್ಟು ಉಳಿಯಿತು. ನೆನೆದದ್ದು ಬಿಸಿಲಿಗೆ ಹರವಿದರೂ ಬಣ್ಣ ಕಳೆದುಕೊಂಡಿತು. ಬೋರಿನ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಪ್ರಯೋಗಾಲಯಕ್ಕೆ ಮರಳಿದಾಗ ನಮ್ಮ ಹಿರಿಯ ವಿಜ್ಞಾನಿಯೊಬ್ಬರು ಆ ದಿನದ ಅಂಕಿಗಳನ್ನು ನೋಡಿ ಹುಬ್ಬೇರಿಸಿದರು. ಮಳೆ ಸೊನ್ನೆ, ಮಣ್ಣಿನ ತೇವ ಕುತ್ತಿಗೆಮಟ್ಟ. ಉಪಕರಣ ಕೆಟ್ಟಿದೆ, ಆ ದಿನವನ್ನು ತೆಗೆದುಹಾಕು ಎಂದರು. ಕೆಟ್ಟಿಲ್ಲ, ನಮ್ಮ ಬೀಗರು ತೂಬು ಮುಚ್ಚಿದ್ದು ಎಂದೆ. ಅವರು ನಕ್ಕರು. ನಾನು ಆ ದಿನವನ್ನು ತೆಗೆಯಲಿಲ್ಲ, ಸಾಕಷ್ಟು ಜಗಳವೂ ಆಯಿತು. ಗಾಳಿ, ಶಾಖ, ಆವಿ ಎಲ್ಲಕ್ಕೂ ನಮ್ಮ ಸಮೀಕರಣದಲ್ಲಿ ಜಾಗವಿದೆ. ಮುನ್ಸೂಚನೆ ಕೇಳಿ ತೂಬು ಮುಚ್ಚುವವನಿಗೆ ಎಲ್ಲಿ ಜಾಗ ಕೊಡಬೇಕೆಂದು ಇವತ್ತಿಗೂ ತಡಕಾಡುತ್ತಿದ್ದೇನೆ.

ಅಕ್ಕ ಮುಂದಿನ ವರ್ಷವೂ ಮೆಣಸಿನಕಾಯಿಯನ್ನೇ ಹಾಕಿದಳು. ಕಾಯಿ ಕಣಕ್ಕೆ ಬಂದ ಹೊತ್ತಿಗೆ ಕೊಲ್ಲಿಯಲ್ಲಿ ಮತ್ತೆ ಮೋಡ ಸುತ್ತತೊಡಗಿತು. ನಾನು ಕುರ್ಚಿಯಿಂದೆದ್ದು ಕಾರಿಡಾರಿನಲ್ಲಿ ಶತಪಥ ತಿರುಗುತ್ತ ಫೋನು ಮಾಡಿದೆ. ಮಾವ ಎಲ್ಲವನ್ನೂ ಕೇಳಿಸಿಕೊಂಡ.

"ಮೇಲಿನವ್ರಿಗೆ ಗೊತ್ತಾಗೇದೇನು?"

"ನನ್ನಿಂದ ಅಲ್ರಿ ಮಾವ. ಟೀವಿಯೊಳಗ ಬಂದುಬಿಟ್ಟದ."

ಅವನು ಅಕ್ಕನನ್ನು ಕೂಗಿದ. ಫೋನು ಕೈ ಬದಲಾಯಿಸಿತು. ಅಕ್ಕನ ಹಿಂದೆ ಕಣದಲ್ಲಿ ಹೆಣ್ಣಾಳುಗಳ ಮಾತು ಕೇಳುತ್ತಿತ್ತು.

"ನನಗ ಒಂದ ಹೇಳು," ಎಂದಳು ಅಕ್ಕ. "ತಾಡಪತ್ರಿ ಇರೋದು ಒಂದ. ಮ್ಯಾಲ ಹೊಚ್ಚಲೋ, ಕೆಳಗ ಹಾಸಲೋ?"

ಎದುರಿನ ಪರದೆಯಲ್ಲಿ ಮಾರುತ ಇನ್ನೂ ದಾರಿ ಗೊತ್ತುಮಾಡಿಕೊಂಡಿರಲಿಲ್ಲ. ಅಕ್ಕ ಫೋನು ಇಡದೆ ಕಾಯುತ್ತಿದ್ದಳು.