ವಿಮಾನದ ಲೆನ್ಸು, ಸಿಂಚನಾಳ ಕಣ್ಣು

ಹೋದ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಏಳೂ ಹತ್ತಕ್ಕೆ ನಾನು ನನ್ನ ಮೊಮ್ಮಗಳ ಕಿವಿಯ ಫೋಟೋ ತೆಗೆದೆ. ಒಂದಲ್ಲ, ಹನ್ನೊಂದು. ಎಲ್ಲದರಲ್ಲೂ ಕಿವಿಯೇ. ಅದೂ ಕಲಸಿಹೋದ ಕಿವಿ.

ನನಗೆ ಬೇಕಾಗಿದ್ದದ್ದು ಕಣ್ಣು.

ಮೊದಲಿನಿಂದ ಹೇಳುತ್ತೇನೆ. (ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳು ನಾನು. ಕತ್ತರಿ ಮೊದಲು, ಹೊಲಿಗೆ ಆಮೇಲೆ. ಕ್ರಮ ತಪ್ಪಿದರೆ ಊಟ ಸೇರುವುದಿಲ್ಲ.)

ಮೊಮ್ಮಗಳು ಸಿಂಚನಾ ಒಂಬತ್ತನೇ ಕ್ಲಾಸು. ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಬಾಕ್ಸಿಂಗ್ ಕಲಿಯುತ್ತಾಳೆ. ಮೊದಲು ರೇಷ್ಮೆ ಹುರಿ ಮಾಡುತ್ತಿದ್ದ ಒಂದು ಶೆಡ್ಡು ಅದು. ಮಿಷನ್‌ಗಳು ಹೋದವು, ರಿಂಗ್ ಬಂತು. ಕಿಟಕಿ ಮಾತ್ರ ಆಗಿನಷ್ಟೇ: ಎರಡು, ಅದೂ ಸೂರಿನ ಹತ್ತಿರ. ಹಗಲು ಹೊತ್ತಿನಲ್ಲೂ ಒಳಗೆ ಕಾಲಿಟ್ಟವರು ಒಂದು ನಿಮಿಷ ನಿಂತೇ ಮುಂದೆ ಹೆಜ್ಜೆ ಇಡಬೇಕು.

ಆ ಭಾನುವಾರಕ್ಕೆ ಎರಡು ದಿನ ಮುಂಚೆ ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದಳು. ಹೊಡೆತ ತಿಂದು ಊದಿದ್ದಲ್ಲ, ಕೋಪಕ್ಕೆ.

ವಿಷಯ ಇಷ್ಟು. ಜಿಲ್ಲಾ ತಂಡಕ್ಕೆ ಹುಡುಗಿಯರ ಹೆಸರು ಕಳಿಸಬೇಕು. ಅವಳ ತೂಕದಲ್ಲಿ ಒಂದೇ ಜಾಗ. ಕೋಚ್ ಮುನಿರಾಜು ಅವಳ ಹೆಸರು ಬರೆಯುವುದಿಲ್ಲ ಎಂದುಬಿಟ್ಟಿದ್ದಾರೆ. ಶನಿವಾರ ಅವಳ ಜೊತೆ ನಾನೇ ಹೋಗಿ ಕೇಳಿದೆ.

"ಸಿಸ್ಟರಮ್ಮ, ಹುಡುಗಿ ಕೈ ಚೆನ್ನಾಗೈತೆ, ಕಾಲು ಚೆನ್ನಾಗೈತೆ. ಆದ್ರೆ ಪಂಚ್ ಕೊಡೋ ಟೈಮಲ್ಲಿ ಕಣ್ಣು ಮುಚ್ತಾಳೆ. ಕಣ್ಣು ಮುಚ್ಚೋರ್ನ ಕಳ್ಸಿದ್ರೆ ಚೆನ್ನಾಗಿ ಒದೆ ತಿಂದ್ಕೊಂಡ್ ಬರ್ತಾರೆ."

"ನಾನು ಮುಚ್ಚಲ್ಲ ಸರ್" ಎಂದಳು ಸಿಂಚನಾ.

"ಮುಚ್ತೀಯ ಕಣಮ್ಮ. ಎದುರ್ಗಡೆ ಪ್ಯಾಡ್ ಹಿಡ್ಕೊಂಡ್ ನಿಂತಿರೋನು ನಾನು. ನಂಗೆ ಕಾಣಲ್ವಾ?"

"ಇಲ್ಲ ಸರ್, ಮುಚ್ಚಲ್ಲ."

"ಪ್ರೂಫ್ ತೋರ್ಸು, ಬರೀತೀನಿ. ಲಿಸ್ಟು ಬರೋ ವಾರ ಬಿಟ್ಟು ಸೋಮವಾರ ಹೋಗುತ್ತೆ."

ಅವಳ ಗೆಳತಿಯರು ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿದ್ದರು. ಆ ಬೆಳಕಿಗೆ ಕೈ, ಮುಖ, ಗ್ಲೌಸ್ ಎಲ್ಲ ಸೇರಿ ರಾಗಿಮುದ್ದೆ. ಅದರಲ್ಲಿ ಕಣ್ಣು ಹುಡುಕುವುದು ಹೇಗೆ?

ಬಸ್ಸಿನಲ್ಲಿ ಬರುವಾಗ ಹುಡುಗಿ ಒಂದೇ ಮಾತು ಹೇಳಿದಳು. "ಅಜ್ಜಿ, ಒಂದು ವರ್ಷದಿಂದ ಐದು ಗಂಟೆಗೆ ಏಳ್ತಿದೀನಿ. ಎಬ್ಬಿಸ್ತಿದ್ದಿದ್ದು ನೀನೇ."

ಸರಿ. ಕೇಸು ನನ್ನದಾಯಿತು.

ನನ್ನ ಹತ್ತಿರ ಕ್ಯಾಮೆರಾ ಇರುವುದು ನಿಮಗೆ ಗೊತ್ತಿರಬಹುದು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ದೇವನಹಳ್ಳಿ ಕಡೆಯವರ ಕತ್ತೆಲ್ಲ ಮೇಲಕ್ಕೇ. ನಾನೂ ಹೊರತಲ್ಲ. ನಿವೃತ್ತಿಯಾದ ವರ್ಷವೇ ಕ್ಯಾಮೆರಾ ಕೊಂಡೆ, ಆಮೇಲೆ ತೋಳುದ್ದದ ಒಂದು ಜೂಮ್ ಲೆನ್ಸು ಕೊಂಡೆ. ಬೆಳಿಗ್ಗೆ ಒಂಬತ್ತು ಇಪ್ಪತ್ತರ ವಿಮಾನ ಇಳಿಯುವಾಗ ಒಂದು ಫೋಟೋ, ಒಂದು ಬಿಪಿ ಮಾತ್ರೆ. ವಿಮಾನ ತಡವಾದರೂ ಮಾತ್ರೆ ತಡವಾಗುವುದಿಲ್ಲ. ನಮ್ಮ ತಾರಸಿಯಿಂದ ಚಕ್ರದ ಬೋಲ್ಟು ಕಾಣುವ ಹಾಗೆ ತೆಗೆದಿದ್ದೇನೆ. ನಲ್ಲೂರಿನ ಹುಣಸೆ ತೋಪಿಗೆ ಕರೆದುಕೊಂಡು ಹೋದ ನೆಂಟರೂ ನೂರಾರು ವರ್ಷದ ಮರ ಬಿಟ್ಟು ನನ್ನ ಲೆನ್ಸನ್ನೇ ನೋಡಿದ್ದುಂಟು.

ಅಷ್ಟು ಎತ್ತರದ ಬೋಲ್ಟು ಕಂಡ ಲೆನ್ಸಿಗೆ ಹತ್ತಡಿ ದೂರದ ಕಣ್ಣು ಕಾಣದೇ?

ಕಾಣಲಿಲ್ಲ. ಆ ಭಾನುವಾರ ಶೆಡ್ಡಿನಲ್ಲಿ ಗೊತ್ತಾಯಿತು, ಹತ್ತಡಿಯಲ್ಲಿ ಅದಕ್ಕೆ ಕಿವಿಯೊಂದೇ ಹಿಡಿಸುವುದು. ಶಟರ್ ಜೋರು ಮಾಡಿದರೆ ಫೋಟೋ ಕಾಡಿಗೆಯಷ್ಟು ಕಪ್ಪು. ನಿಧಾನ ಮಾಡಿದರೆ ಮತ್ತೆ ಮುದ್ದೆ. ಫ್ಲಾಶ್ ಹಾಕಲೇ ಎಂದೆ. ಮುನಿರಾಜು ನಕ್ಕರು. "ಫ್ಲಾಶ್ ಹೊಡೆದ್ರೆ ಎಮ್ಮೆನೂ ಕಣ್ಣು ಮುಚ್ಚುತ್ತೆ ಸಿಸ್ಟರಮ್ಮ. ಆಮೇಲೆ ಯಾರ ತಪ್ಪು ಅಂತೀರಾ?"

ನ್ಯಾಯ ಅವರ ಕಡೆಗಿತ್ತು. ಅದೇ ನನಗೆ ಉರಿದದ್ದು.

ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ವಿಜಯಪುರದ ನಂಜುಂಡನ ಸ್ಟುಡಿಯೋ ಬಾಗಿಲಲ್ಲಿದ್ದೆ. ನಂಜುಂಡ ಇಪ್ಪತ್ತೈದು ವರ್ಷ ಮದುವೆ ಫೋಟೋ ತೆಗೆದವನು. ಕರೆಂಟು ಹೋದ ಛತ್ರದಲ್ಲಿ ತಾಳಿ ಕಟ್ಟಿಸಿ ಫೋಟೋ ತೆಗೆದ ಗಂಡು. ನನ್ನ ಲೆನ್ಸನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ನೋಡಿದ.

"ಅಮ್ಮಾ, ಇದು ಆಕಾಶಕ್ಕೆ ಸರಿ. ನಿಮ್ಮ ಮೊಮ್ಮಗಳು ಹಾರ್ತಾಳಾ?"

"ಹೆಸರು ಬರೆದರೆ ಹಾರ್ತಾಳೆ."

"ಹಂಗಾದ್ರೆ ಉದ್ದ ಬೇಡ, ಬಾಯಿ ದೊಡ್ಡದಿರೋದು ಬೇಕು. ಬೆಳಕು ಕುಡಿಯೋ ಬಾಯಿ. ನಿಮ್ದು ಐದು ಪಾಯಿಂಟ್ ಆರರದ್ದು. ಒಂದು ಪಾಯಿಂಟ್ ಎಂಟರದ್ದು ಹಾಕ್ಕೊಳ್ಳಿ. ನಂಬರ್ ಚಿಕ್ಕದಾದಷ್ಟೂ ಬಾಯಿ ದೊಡ್ಡದು."

ಬೇರೆ ಯಾರಿಗಾದರೂ ಇದು ತಲೆಕೆಳಗಿನ ಲೆಕ್ಕ ಅನ್ನಿಸಬಹುದು. ನನಗೆ ಕ್ಷಣವೂ ಬೇಕಾಗಲಿಲ್ಲ. ಇಂಜೆಕ್ಷನ್ ಸೂಜಿಯೂ ಹೀಗೇ ಅಲ್ಲವೇ? ಹದಿನೆಂಟನೇ ನಂಬರು ದಪ್ಪ, ಇಪ್ಪತ್ತಾರು ಸಣ್ಣ. ರಕ್ತ ಬೇಗ ಹೋಗಬೇಕಾದರೆ ಹದಿನೆಂಟನ್ನು ಚುಚ್ಚು. ಬೆಳಕು ಬೇಗ ಒಳಗೆ ಹೋಗಬೇಕಾದರೆ ಒಂದು ಪಾಯಿಂಟ್ ಎಂಟು. ಮೂವತ್ತನಾಲ್ಕು ವರ್ಷದ ಸರ್ವಿಸು ಎಲ್ಲಿ ಕೆಲಸಕ್ಕೆ ಬಂತು ನೋಡಿ.

ಮೂರು ಲೆನ್ಸು ಮುಂದಿಟ್ಟ. ಮೊದಲನೆಯದು ಅವನ ಮದುವೆ ಜೂಮು, ಬಿಳಿ ಆನೆ. ಒಳ್ಳೆಯದೇ, ಆದರೆ ಐದು ನಿಮಿಷ ಎತ್ತಿ ಹಿಡಿಯುವಷ್ಟರಲ್ಲಿ ನನ್ನ ಕೈ ವಿಮಾನದ ರೆಕ್ಕೆಯಂತೆ ನಡುಗಿತು. ಎರಡನೆಯದು ಎಂಬತ್ತೈದು ಎಂಎಂ. ರಿಂಗಿನ ಹಗ್ಗಕ್ಕೆ ಅಂಟಿ ನಿಂತರೆ ಒಂದು ಮುಖ ಹಿಡಿಸುತ್ತದೆ, ಎದುರಿನವರು ಹೊರಗೆ. ಮೂರನೆಯದು ಐವತ್ತು ಎಂಎಂ. ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟಾಣಿ. ಜೂಮಿಲ್ಲ, ಗತ್ತಿಲ್ಲ, ತೂಕವಿಲ್ಲ. ಕಾಯಿಹೋಳಿಗೆಗಿಂತ ಹಗುರ.

"ಇದರಲ್ಲಿ ಹತ್ರ ಬೇಕಂದ್ರೆ?"

"ನೀವೇ ಹತ್ರ ಹೋಗ್ಬೇಕು ಅಮ್ಮ. ಕಾಲೇ ಜೂಮು."

ಅದನ್ನೇ ತಂದೆ. ಮನೆಯಲ್ಲಿ ರಿಹರ್ಸಲ್ ಇಲ್ಲದೆ ನಾನು ಯಾವ ಆಪರೇಷನ್ನಿಗೂ ಹೋದವಳಲ್ಲ. ಶೆಡ್ಡಿನ ಕತ್ತಲು ಬರಲೆಂದು ಅಡುಗೆಮನೆಯ ಕಿಟಕಿ ಮುಚ್ಚಿಸಿ, ಮಗನ ಕೈಗೆ ತೆಂಗಿನಕಾಯಿ ಕೊಟ್ಟು, ಕಾಯಿ ಒಡೆಯುವ ಆ ಒಂದೇ ಕ್ಷಣ ಹಿಡಿಯುವುದನ್ನು ಅಭ್ಯಾಸ ಮಾಡಿದೆ. ನಾಲ್ಕು ದಿನ, ದಿನಕ್ಕೆ ಮೂರು ಕಾಯಿ. ಮಗ ಕಾರ್ಗೋ ವಿಭಾಗದಲ್ಲಿ ಶಿಫ್ಟು ಮುಗಿಸಿ ಬಂದವನು, "ಅಮ್ಮ, ಇನ್ನು ಚಟ್ನಿ ತಿನ್ನಕ್ಕಾಗಲ್ಲ" ಎಂದು ಕೈಮುಗಿದ. ನಾಲ್ಕನೆಯ ದಿನ ನೀರಿನ ಹನಿ ಗಾಳಿಯಲ್ಲಿ ನಿಂತಿತ್ತು. ಮಗನ ರೆಪ್ಪೆಯೂ ಸ್ಪಷ್ಟ. (ಮುಚ್ಚಿತ್ತು. ಹನ್ನೆರಡು ಕಾಯಿಗೂ ಮುಚ್ಚಿತ್ತು.)

ಮುಂದಿನ ಭಾನುವಾರ ಬಂತು. ಏಳು ಗಂಟೆ. ನಾನು ಹಗ್ಗಕ್ಕೆ ಹೊಟ್ಟೆ ಒತ್ತಿ, ಸೆರಗು ಸಿಕ್ಕಿಸಿ ನಿಂತೆ. ಒಂದು ಸೆಕೆಂಡನ್ನು ಐನೂರು ಹೋಳು ಮಾಡಿ ಅದರಲ್ಲೊಂದು ಹೋಳು ಎತ್ತಿಕೊಳ್ಳುವ ಹಾಗೆ ಕ್ಯಾಮೆರಾ ಇಟ್ಟಿದ್ದೆ. ಮುನಿರಾಜು ಪ್ಯಾಡ್ ಎತ್ತಿದರು. ಸಿಂಚನಾ ಹೊಡೆದಳು. ಪಟ್, ಪಟ್, ಪಟ್. ಅವಳ ಬೆವರು ನನ್ನ ಕನ್ನಡಕಕ್ಕೆ ಸಿಡಿಯಿತು. ಅಷ್ಟು ಹತ್ತಿರ ನಿಂತು ನಾನು ಅವಳನ್ನು ಯಾವತ್ತೂ ನೋಡಿಯೇ ಇರಲಿಲ್ಲ. ಹುಡುಗಿಯ ಮುಖದಲ್ಲಿ ಎಂಥ ಖುಷಿ ಗೊತ್ತೇ? ನನ್ನ ಕಾಲೂ ತಾನಾಗಿ ಕುಣಿಯತೊಡಗಿತು.

ನಲವತ್ತು ಫೋಟೋ. ನಂಜುಂಡನ ಕಂಪ್ಯೂಟರಿನ ಮುಂದೆ ನಾನು, ಸಿಂಚನಾ, ಮುನಿರಾಜು ಕೂತೆವು. ಹುಡುಗಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ನಾಡಿ ಯಾರದು ಓಡುತ್ತಿತ್ತೋ ತಿಳಿಯಲಿಲ್ಲ.

ಮೊದಲನೆಯದು. ಗ್ಲೌಸು ಪ್ಯಾಡಿಗೆ ತಾಗಿದೆ. ಸಿಂಚನಾಳ ಕಣ್ಣು ದೀಪದ ಹಾಗೆ ತೆರೆದಿದೆ.

ಎರಡನೆಯದು, ತೆರೆದಿದೆ. ಹತ್ತನೆಯದು, ತೆರೆದಿದೆ. ಹದಿನೈದನೆಯದಕ್ಕೆ ನಂಜುಂಡ ಮೌಸ್ ಬಿಟ್ಟು ಬಾಯಿ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿತ್ತು.

"ಏನೋ ಅದು?" ಎಂದರು ಮುನಿರಾಜು.

"ಸರ್, ಈ ಕಡೆ ನೋಡಿ. ಪ್ಯಾಡ್ ಹಿಂದೆ."

ಪ್ಯಾಡಿನ ಹಿಂದೆ ಮುನಿರಾಜು. ಕಹಿ ಕಷಾಯ ಕುಡಿದವರ ಹಾಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದಾರೆ. ನಲವತ್ತರಲ್ಲಿ ಮೂವತ್ತೆಂಟು ಫೋಟೋಗಳಲ್ಲಿ.

ಸಿಂಚನಾ ಬಹಳ ಮೆತ್ತಗೆ ಕೇಳಿದಳು. "ಸರ್, ಎದುರ್ಗಡೆ ನಿಂತಿದ್ದು ನೀವೇ ಅಲ್ವಾ?"

ಮುನಿರಾಜು ದೊಡ್ಡ ಮನುಷ್ಯ. ಒಂದು ನಿಮಿಷ ಮೀಸೆ ತಿರುವಿದರು, ಆಮೇಲೆ ಗೋಡೆ ನಡುಗುವ ಹಾಗೆ ನಕ್ಕರು. ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಸ್ಟುಡಿಯೋದ ಕೌಂಟರ್ ಮೇಲೆ ಲಿಸ್ಟು ಬಿಡಿಸಿ ಹೆಸರು ಬರೆದರು. ಕೊನೆಯ ದೀರ್ಘ ಬಿಟ್ಟಿದ್ದರು, ನಾನು ಹಾಕಿಸಿದೆ.

ನಾನಂತೂ ಗೆದ್ದ ಗತ್ತಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. ದೂರದ್ದೆಲ್ಲ ಕಾಣುವ ಲೆನ್ಸು ಹೊತ್ತು ತಿರುಗುತ್ತೇವೆ, ಮಾರುದ್ದದಲ್ಲಿರುವುದಕ್ಕೆ ನಮ್ಮಲ್ಲಿ ಲೆನ್ಸಿಲ್ಲ. ಇನ್ನೊಬ್ಬರ ಕಣ್ಣು ಮುಚ್ಚಿದೆ ಎನ್ನುವವರು ಮೊದಲು ತಮ್ಮದನ್ನು ಮುಟ್ಟಿ ನೋಡಿಕೊಳ್ಳಬೇಕು. ಇಪ್ಪತ್ತು ಜನ ನರ್ಸುಗಳನ್ನು ಸಾಲಾಗಿ ನಿಲ್ಲಿಸಿ ಮಾತಾಡಿದ ಗಂಟಲು, ಬೇಗ ನಿಲ್ಲುವುದಿಲ್ಲ.

"ಸಿಸ್ಟರಮ್ಮ, ನೀವೂ ಒಂದು ಪಂಚ್ ಕೊಟ್ಬಿಡಿ" ಎಂದರು ಮುನಿರಾಜು.

ಕೊಡದೆ ಬಿಡುವವಳೇ? ಶೆಡ್ಡಿಗೆ ವಾಪಸು ಹೋದೆವು. ಗ್ಲೌಸ್ ಹಾಕಿಸಿಕೊಂಡೆ. ಸಿಂಚನಾ ಕ್ಯಾಮೆರಾ ಹಿಡಿದಳು. ಅರವತ್ತೆಂಟು ವರ್ಷದ ಶಕ್ತಿಯನ್ನೆಲ್ಲ ಬಲಗೈಗೆ ತಂದು ಒಂದೇ ಒಂದು ಕೊಟ್ಟೆ. ಏನು ಸದ್ದು, ಏನು ಸುಖ. ಇನ್ನೂ ನಾಲ್ಕು ಕೊಟ್ಟೆ.

ಫೋಟೋಗಳು ನಿನ್ನೆ ಪ್ರಿಂಟಾಗಿ ಬಂದವು. ಐದರಲ್ಲೂ ಗ್ಲೌಸು ಪ್ಯಾಡಿನ ನಟ್ಟ ನಡುವೆ. ಐದರಲ್ಲೂ ಮುನಿರಾಜು ಹಟ ಹಿಡಿದವರಂತೆ ಕಣ್ಣು ಅರಳಿಸಿ ನಿಂತಿದ್ದಾರೆ. ಐದರಲ್ಲೂ ನನ್ನ ಕಣ್ಣು ಬಿಗಿಯಾಗಿ ಮುಚ್ಚಿದೆ. ಸಿಂಚನಾ ಅದರಲ್ಲೊಂದನ್ನು ದೊಡ್ಡದು ಮಾಡಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.

ನಾನು ಮುಚ್ಚಿರಲಿಲ್ಲ, ಅದು ನನಗೆ ಖಚಿತವಾಗಿ ಗೊತ್ತು. ಆ ಲೆನ್ಸಿನಲ್ಲೇ ಏನೋ ದೋಷವಿರಬೇಕು, ಅಲ್ಲವೇ?