ಅಮ್ಮನ ಗಾಳಕ್ಕೆ ಬಿದ್ದ ಊರು

ಹೋದ ವರ್ಷದ ಬೇಸಿಗೆ ರಜೆಯ ಮಾತು. ಹಿಂದಿನ ಮಳೆಗಾಲ ಕೈಕೊಡದಿದ್ದರಿಂದ ಬರಗೂರು ಕಡೆಯ ಕೆರೆಗಳಲ್ಲಿ ಏಪ್ರಿಲ್‌ನಲ್ಲೂ ನೀರಿತ್ತು. ಮಧುಗಿರಿಯಲ್ಲಿ ಬಟ್ಟೆ ಹೊಲಿದುಕೊಂಡಿರುವ ನನಗೆ ಒಂದೇ ಹುಚ್ಚು: ಅಮ್ಮನ ಕೈಲಿ ಗಾಳ ಹಾಕಿಸಬೇಕು, ಒಂದು ರಾತ್ರಿ ಕೆರೆ ದಡದಲ್ಲೇ ತಂಗಬೇಕು. ಹುಡುಗಿಯಾಗಿದ್ದಾಗ ತಾತನ ಜೊತೆ ಮೀನು ಹಿಡಿಯುತ್ತಿದ್ದ ಅಮ್ಮ ಮದುವೆಯಾದ ಮೇಲೆ ಗಾಳವನ್ನೇ ಮುಟ್ಟಿರಲಿಲ್ಲ.

"ಈ ವಯಸ್ನಾಗೆ ಹೆಂಗಸು ಗಾಳ ಹಿಡ್ಕಂಡ್ ಕೂತ್ರೆ ಜನ ನಗಲ್ವೇನೆ? ಯಾರ್ ಕಣ್ಣಿಗೂ ಬೀಳಂಗಿಲ್ಲ ಅಂದ್ರೆ ಬತ್ತೀನಿ" ಎಂದು ಷರತ್ತು ಹಾಕಿದಳು.

ವಾರಗಟ್ಟಲೆ ಫೋನಿನಲ್ಲೇ ಯೋಜನೆ ನಡೆಯಿತು. ಕೆರೆಯ ಮೀನು ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದೆ, ಊರಿನಿಂದ ದೂರದ ಮೂಲೆ ಹುಡುಕಿದೆ. ಎರೆಹುಳದಿಂದ ಹಿಡಿದು ರಾಗಿಹಿಟ್ಟಿನವರೆಗೆ ಎಲ್ಲವೂ ನನ್ನ ಪಾಲು. ಐ.ಡಿ.ಹಳ್ಳಿಯಲ್ಲಿರುವ ತಮ್ಮ ಮಂಜನಿಗೆ ವಹಿಸಿದ್ದು ಟೆಂಟ್ ತರುವುದೊಂದೇ.

"ನೀನೇನ್ ಯೋಚ್ನೆ ಮಾಡ್ಬ್ಯಾಡ ಕಣಕ್ಕ, ಟೆಂಟ್‌ನೋರು ನಮ್ಗೆ ಬೇಕಾದೋರೇ" ಅಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ದಿನ ಬೆಳಗ್ಗೆ ಅಮ್ಮ ಗಾಳ ಹಾಕಿ ಕೂತು, ಮುಖ ಇನ್ನೇನು ಅರಳುತ್ತಿದೆ ಅನ್ನುವಾಗ ಏರಿಯ ಮೇಲೆ ಲಗೇಜ್ ಆಟೊ ಬಂತು. ಇಳಿದದ್ದು ಕೆಂಪು ಹಳದಿ ಶಾಮಿಯಾನ, ಕಂಬಗಳು, ಪ್ಲಾಸ್ಟಿಕ್ ಕುರ್ಚಿಗಳು, ಮದುವೆಮನೆಯ ಕೊಪ್ಪರಿಗೆ!

"ಲೇ ಮಂಜ, ಏನ್ಲಾ ಇದು?"

"ಟೆಂಟು! ಟೆಂಟ್ ಹೌಸ್ನಾಗೆ ಇನ್ನೇನ್ ಕೊಡ್ತಾರಕ್ಕ?"

ತಲೆ ಚಚ್ಚಿಕೊಂಡೆ. ನೆರಳಾದರೂ ಆಗಲಿ ಎಂದು ಕಟ್ಟಿಸಿದ್ದೇ ತಪ್ಪಾಯಿತು. ದೂರದಿಂದಲೇ ಅದನ್ನು ಕಂಡ ಕುರಿ ಮೇಯಿಸುವ ಅಜ್ಜನೊಬ್ಬ ಬಂದು, "ಯಾರ್ದಪ್ಪಾ ಮದ್ವೆ? ಊಟುಕ್ಕೇನ್ ಮಾಡ್ಸೀರಾ?" ಅಂದ.

"ಜಿಲೇಬಿ!" ಅಂದುಬಿಟ್ಟ ಮಂಜ.

ಅವನು ಹೇಳಿದ್ದು ಕೆರೆಯ ಜಿಲೇಬಿ ಮೀನು. ಅಜ್ಜ ಊರಿಗೆ ಮುಟ್ಟಿಸಿದ್ದು ಸಿಹಿ ಜಿಲೇಬಿ. ಸ್ವಲ್ಪ ಹೊತ್ತಿಗೆಲ್ಲ ಹೆಂಗಸರು, ಮಕ್ಕಳು ತಲೆ ಬಾಚಿಕೊಂಡು ಬಂದೇಬಿಟ್ಟರು.

ಅಮ್ಮ ಕೆಂಪಾದಳು. ಗಾಳದ ಕೋಲನ್ನು ಸೆರಗಿನ ಮರೆಗೆ ಎಳೆದುಕೊಳ್ಳುವಷ್ಟರಲ್ಲಿ ನೀರಿನ ಮೇಲಿದ್ದ ಬೆಂಡು ಮುಳುಗಿತು. ನಾಚಿಕೆ ಬಿಡುವಂತಿಲ್ಲ, ಮೀನನ್ನೂ ಬಿಡುವಂತಿಲ್ಲ. ಅಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದಳು ನೋಡಿ, ಅಂಗೈಯಗಲದ ಜಿಲೇಬಿ!

ಮಕ್ಕಳು ಕೇಕೆ ಹಾಕಿದರು. ಅಮ್ಮನ ವಾರಿಗೆಯ ಹೆಂಗಸೊಬ್ಬಳು ಮುಂದೆ ಬಂದಾಗ, ಆಡಿಕೊಳ್ಳಲಿಕ್ಕೇ ಬಂದಳು ಅಂದುಕೊಂಡೆ. "ಅಕ್ಕಯ್ಯಾ, ನಂಗೂ ಒಂದ್ ಗಾಳ ಕೊಡು. ಮದ್ವೆ ಆದ್ಮ್ಯಾಕೆ ನಾನು ಮುಟ್ಟೇ ಇಲ್ಲ" ಅಂದಳು.

ಆಮೇಲೆ ಕೆರೆ ದಡದಲ್ಲಿ ಹೆಂಗಸರದೇ ರಾಜ್ಯ. ಯಾರೋ ಗಾಳದ ಕೋಲಿಗೆಂದು ಈಚಲ ಕಡ್ಡಿ ಮುರಿದು ತಂದರು, ಯಾರೋ ಮನೆಯಿಂದ ರಾಗಿಹಿಟ್ಟು, ಈರುಳ್ಳಿ ತಂದರು. ಕೊಪ್ಪರಿಗೆಯಲ್ಲಿ ಮೀನಿನ ಸಾರು ಕುದಿಯಿತು. ಮಾತು ಕೊಟ್ಟ ತಪ್ಪಿಗೆ ಮಂಜ ಬರಗೂರಿಗೆ ಓಡಿ ಮಕ್ಕಳಿಗೆ ಸಿಹಿ ಜಿಲೇಬಿ ತಂದ. ಅಷ್ಟು ಜೋರಾಗಿ ಅಮ್ಮ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲೇ ಇಲ್ಲ. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಈ ಬೇಸಿಗೆಗೆಂದು ನಿಜವಾದ ಪುಟ್ಟ ಟೆಂಟೊಂದನ್ನು ಕೊಂಡು ಅಮ್ಮನಿಗೆ ತೋರಿಸಿದೆ. ಒಳಗೆ ಇಣುಕಿ ಮೂಗು ಮುರಿದಳು.

"ಇದ್ರಾಗೆ ಯಾರ್ ಹಿಡೀತಾರೆ? ಆ ದೊಡ್ಡುದ್ನೇ ತರಕ್ಕೇಳು ಮಂಜಂಗೆ. ನಾವ್ ಬಂದಿರೋದು ಊರೋರ್ಗೆಲ್ಲ ಕಾಣ್ಬ್ಯಾಡ್ವಾ?"